ಬಿರುಗಾಳಿ, ಸುಂಟರಗಾಳಿ, ಚಂಡಮಾರುತ

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನಲ್ಲಿಯೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಗುಡ್ಡಗಳ ಮೇಲೂ ಇಂದು ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಮುಂಗಾರಿನಲ್ಲಿ ಪಡುವಣದಿಂದ ಎಡೆಬಿಡದೆ ಬೀಸುವ ಆಷಾಢದ ಗಾಳಿಯೇ ಅವುಗಳ ಮುಖ್ಯ ಆಹಾರ. ಇಂಥ ಸೀಮೆಯಲ್ಲಿ ಬಲವಾದ ಗಾಳಿಗೆ ಹಲವು ಹೆಸರುಗಳಿರುವುದು ಸಹಜವೇ. ಆದರೆ ಒಂದು ಹೆಸರು ಸಲ್ಲಬೇಕಾದಲ್ಲಿ ಮತ್ತೊಂದನ್ನು ಬಳಸುವ ರೂಢಿಯೂ ನಮ್ಮಲ್ಲಿ ಬೆಳೆದಿದೆ. ಹರಟೆಯಲ್ಲಿ ಇದರಿಂದ ಕೇಡಿಲ್ಲ. ಎಚ್ಚರಿಕೆ ಕೊಡುವಾಗ ಕೇಡುಂಟು.

ಗಾಳಿಯ ಬಲವನ್ನು ಅಳೆಯಲು ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ ೧೮೦೫ರಲ್ಲಿ ಒಂದು ಮಾನದಂಡವನ್ನು ರೂಪಿಸಿದನು. ಈಗ ರೂಢಿಯಲ್ಲಿರುವಂತೆ ಅದರಲ್ಲಿ ಸೊನ್ನೆಯಿಂದ ಹನ್ನೆರಡರವರೆಗೆ ಮೆಟ್ಟಿಲುಗಳಿವೆ. ಎಂಟನೆಯದರಲ್ಲಿ, ಎಂದರೆ ವೇಗವು ಗಂಟೆಗೆ ೬೨ ಕಿಲೋಮೀಟರು ಮುಟ್ಟಿದಾಗ, ಎಳೆಯ ರೆಂಬೆಗಳು ಮುರಿಯುತ್ತವೆ. ಹತ್ತನೆಯದರಲ್ಲಿ ಮರಗಳು ಬುಡಮೇಲಾಗುತ್ತವೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುವುದೆಂಬುದನ್ನು ವಾಚಕರು ನೆನಪಿಡಬೇಕು. ಆದರೆ ನಮ್ಮ ಹೆಸರುಗಳು ಈ ಏಣಿಯ ಮೆಟ್ಟಿಲುಗಳಲ್ಲ. ಅವು ಗಾಳಿಯ ಹುಟ್ಟನ್ನು ತಿಳಿಸಿದರೇನೇ ಹೆಚ್ಚು ಉಪಯೋಗ.

ಬಿರುಬೇಸಗೆ, ಬಿರುನುಡಿಗಳಲ್ಲಿರುವ 'ಬಿರು'ವೇ ಬಿರುಗಾಳಿಯಲ್ಲಿಯೂ ಇದೆ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ, ಏಪ್ರಿಲ್‌-ಮೇ ತಿಂಗಳ ಸಂಜೆಗಳಲ್ಲಿ, ಗುಡುಗಿನ ಮೋಡದಿಂದ ಬೀಳುವ ಹನಿಗಳು ದಾರಿಯಲ್ಲಿಯೇ ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತಣಿಸುತ್ತವೆ. ತಣಿದು ಭಾರವಾದ ಗಾಳಿ ಕೆಳಕ್ಕೆ ಧುಮುಕಿ, ನೆಲವನ್ನು ತಾಗಿ, ಎಲ್ಲ ಕಡೆಗೂ ನುಗ್ಗುತ್ತದೆ. ಮಳೆಗೆ ಮುಂಚೆ ಧೂಳೆಬ್ಬಿಸುವ ತಂಪುಗಾಳಿ ಇದೇ. ಮಳೆಯೊಡನೆ ಕೂಡಿದ ಬಿರುಗಾಳಿಯನ್ನು ಗ್ರಂಥಭಾಷೆಯಲ್ಲಿ ಝಂಝಾವಾತವೆನ್ನುವರು. ಇದರ ಆಯುಸ್ಸು ಕೆಲವೇ ನಿಮಿಷಗಳು. ಆದರೂ ಗೊನೆ ಬಿಟ್ಟ ಬಾಳೆಯ ತೋಟವನ್ನು ಮಲಗಿಸಲು, ಅಡಕೆಯ ಮರವನ್ನು ನಡುವೆ ಮುರಿಯಲು ಅಷ್ಟೇ ಸಾಕು.

ಸುಂಟರಗಾಳಿಯ ಲಕ್ಷಣ ಸುತ್ತುವಿಕೆ. ಕಾದ ಬಯಲಿನಲ್ಲಿ ನಡುಹಗಲು ತರಗೆಲೆಗಳನ್ನೆತ್ತಿ ತಿರುಗಿಸುವ ಧೂಳಿನ ಕಂಬವು ನೆಲದ ಬಿಸಿಯಿಂದ ಹುಟ್ಟಿದ್ದು. ಅದಕ್ಕೆ ಮೋಡ ಬೇಕಿಲ್ಲ. ಅಮೆರಿಕದಲ್ಲಿ ಊರುಗಳನ್ನೇ ಕೆಡಹುವ ಟಾರ್ನೇಡೋ ಗುಡುಗಿನ ಮೋಡದಿಂದ ಇಳಿಯುವ ಸುಳಿ. ಎರಡಕ್ಕೂ ಕನ್ನಡದಲ್ಲಿ ಇದೊಂದೇ ಹೆಸರು ಸಲ್ಲುತ್ತಿದೆ. ಹೆಂಚು ಹಾರಿದಲ್ಲೆಲ್ಲ ಸುಂಟರಗಾಳಿ ಬಂದಿತೆನ್ನುವುದು ಸರಿಯಲ್ಲ. ಮರಗಳೆಲ್ಲ ಒಂದೇ ದಿಕ್ಕಿಗೆ ಉರುಳಿದ್ದರೆ ಅದು ಬಹುಮಟ್ಟಿಗೆ ಬಿರುಗಾಳಿಯ ಕೆಲಸ.

ಚಂಡಮಾರುತವಾದರೋ ಕಡಲಿನ ಕೂಸು. ಬೆಚ್ಚನೆಯ ನೀರಿನಿಂದೇಳುವ ಆವಿಯೇ ಅದರ ಶಕ್ತಿ. ನೂರಾರು ಕಿಲೋಮೀಟರು ಹರಡಿ, ದಿನಗಟ್ಟಲೆ ಬಾಳುತ್ತದೆ. ಭಾರತದ ಹವಾಮಾನ ಇಲಾಖೆಯು ಸುತ್ತುಗಾಳಿಯ ವೇಗ ಗಂಟೆಗೆ ೬೨ ಕಿಲೋಮೀಟರು ಮುಟ್ಟಿದ ಮೇಲೆಯೇ ಈ ಹೆಸರನ್ನು ಕೊಡುತ್ತದೆ. ನೆಲವನ್ನೇರಿದೊಡನೆ ಆವಿಯ ಆಹಾರ ತಪ್ಪಿ ಅದು ಕುಗ್ಗುತ್ತದೆ. ಚಿತ್ರದುರ್ಗಕ್ಕೆ ಬಂಗಾಳ ಕೊಲ್ಲಿಯ ತೀರ ಸುಮಾರು ೪೦೦ ಕಿಲೋಮೀಟರು ದೂರ. ಆದಕಾರಣ ಹಿಂಗಾರಿನಲ್ಲಿ ಆ ತೀರವನ್ನು ಹೊಡೆದ ಚಂಡಮಾರುತದಿಂದ ಇಲ್ಲಿಗೆ ಸಾಮಾನ್ಯವಾಗಿ ಬರುವುದು ಮೋಡ ಮತ್ತು ಜಡಿಮಳೆ.

ಹೆಸರಿನ ಬೆಲೆ ಇಲ್ಲಿಯೇ ಕಾಣುತ್ತದೆ. ಚಂಡಮಾರುತವೆಂದು ಕೇಳಿದ ರೈತನು ಕೊಯ್ಲಿಗೆ ಬಂದ ರಾಗಿಯನ್ನು ನೆನೆಯದಂತೆ ಕಾಯಬೇಕು. ಅದಕ್ಕೆ ಒಂದೆರಡು ದಿನಗಳ ಅವಕಾಶವುಂಟು. ಬಿರುಗಾಳಿಯೆಂದರೆ ದೊರೆಯುವ ಅವಕಾಶ ಗಂಟೆಗಳದು, ಒಮ್ಮೊಮ್ಮೆ ನಿಮಿಷಗಳದು. ಬಾಳೆಗೆ ಆಸರೆಯ ಕೋಲು ಮೊದಲೇ ನಿಂತಿರಬೇಕು, ಜನ ಮರದಡಿಯಿಂದ ಸರಿದಿರಬೇಕು. ದೊಡ್ಡ ಹೆಸರಿನ ಗಾಳಿಯೇ ಎಲ್ಲೆಡೆಯೂ ದೊಡ್ಡ ಅಪಾಯವಲ್ಲ. ಕಡಲಿನಿಂದ ದೂರವಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚು ಅಂಜಬೇಕಾದುದು ನಮ್ಮ ಹಳೆಯ ಬಿರುಗಾಳಿಗೇ.