ಪುಸ್ತಕಕ್ಕೂ ತಿಂಗಳ ಬಾಡಿಗೆ! ಕಟ್ಟೋ ಮುಂಚೆ ಸ್ವಲ್ಪ ಯೋಚಿಸಿ

ಮಗಳ ಕಾಲೇಜು ಫೀಸು ಕಟ್ಟಿ, ಹಾಸ್ಟೆಲ್ ಡಿಪಾಸಿಟ್ ಕಟ್ಟಿ, ಉಸ್ಸಪ್ಪಾ ಎಂದು ಕುಳಿತಿರುತ್ತೀರಿ. ಅಷ್ಟರಲ್ಲಿ ಅವಳು ಮೊಬೈಲ್ ಹಿಡಿದುಕೊಂಡು ಬರುತ್ತಾಳೆ. ‘ಅಮ್ಮಾ, ಪುಸ್ತಕ ಕೊಳ್ಳೋದೇ ಬೇಡ. ಈ ಆ್ಯಪ್‌ಗೆ ತಿಂಗಳು ತಿಂಗಳು ಸ್ವಲ್ಪ ದುಡ್ಡು ಕಟ್ಟಿದ್ರೆ ಸಾಕು, ಸಾವಿರಾರು ಪುಸ್ತಕ ಸಿಗತ್ತೆ. ನನ್ನ ಫ್ರೆಂಡ್ಸೆಲ್ಲ ತಗೊಂಡಿದಾರೆ’ ಎನ್ನುತ್ತಾಳೆ. ಒಂದೊಂದು ಪುಸ್ತಕಕ್ಕೂ ಐನೂರು, ಆರುನೂರು ತೆತ್ತು ರೂಢಿಯಾದ ನಮಗೆ ಇದು ಒಳ್ಳೇ ವ್ಯವಹಾರ ಅನ್ನಿಸುವುದು ಸಹಜವೇ ಅಲ್ವಾ?

ಇದನ್ನೇ ಚಂದಾ ಆಧಾರಿತ ಡಿಜಿಟಲ್ ಗ್ರಂಥಾಲಯ ಎನ್ನುತ್ತಾರೆ. ಕೇಬಲ್ ಟೀವಿಯ ಹಾಗೆ: ದುಡ್ಡು ಕಟ್ಟಿದಷ್ಟು ದಿನ ನೋಡಬಹುದು. ಅಮೆರಿಕದ ಸೆಂಗೇಜ್ ಎಂಬ ಪ್ರಕಾಶನ ಸಂಸ್ಥೆ 2018ರಲ್ಲಿ ತನ್ನ ಪಠ್ಯಪುಸ್ತಕಗಳನ್ನೆಲ್ಲ ಒಂದೇ ಚಂದಾಕ್ಕೆ ಕೊಡಲು ಶುರು ಮಾಡಿತು. ಈಗ ನಮ್ಮಲ್ಲೂ ಇಂಥ ಆ್ಯಪ್‌ಗಳಿವೆ. ತಪ್ಪೇನಿಲ್ಲ. ಆದರೆ ‘ಹೂಂ’ ಅನ್ನುವ ಮುಂಚೆ ನಾಲ್ಕು ವಿಷಯ ತಿಳಿದುಕೊಂಡಿರಿ.

ಕೊಂಡದ್ದಲ್ಲ, ಬಾಡಿಗೆಗೆ ತಂದದ್ದು

ಅಂಗಡಿಯಿಂದ ತಂದ ಪುಸ್ತಕ ನಿಮ್ಮದು. ಮಗಳು ಓದಿದ ಮೇಲೆ ತಮ್ಮ ಓದಬಹುದು, ಪಕ್ಕದ ಮನೆಯವರಿಗೆ ಕೊಡಬಹುದು, ಅರ್ಧ ಬೆಲೆಗೆ ಮಾರಬಹುದು. ಆ್ಯಪ್‌ನ ಪುಸ್ತಕ ಹಾಗಲ್ಲ. ಚಂದಾ ನಿಂತ ದಿನ ಪುಸ್ತಕವೂ ಹೋಯಿತು.

ಇನ್ನೂ ಒಂದು ಮಾತು. ‘ಚಂದಾ ಅಲ್ಲ, ಪೂರ್ತಿ ಬೆಲೆ ಕೊಟ್ಟು ಇ-ಪುಸ್ತಕ ಕೊಂಡಿದ್ದೇನೆ’ ಎಂದರೂ ಅದು ಪೂರಾ ನಿಮ್ಮದಾಗುವುದಿಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಇ-ಪುಸ್ತಕದ ಅಂಗಡಿಗೆ ಬೀಗ ಹಾಕಿತು. ಕೊಂಡವರಿಗೆ ಹಣ ವಾಪಸ್ ಬಂತು, ಆದರೆ ಪುಸ್ತಕಗಳು ಮಾಯವಾದವು. ಅಷ್ಟು ದೊಡ್ಡ ಕಂಪನಿಯ ಕಥೆಯೇ ಹೀಗಾದರೆ ನಿನ್ನೆ ಮೊನ್ನೆ ಹುಟ್ಟಿದ ಆ್ಯಪ್‌ಗಳ ಕಥೆ ಏನು?

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಆರು ತಿಂಗಳ ಸೆಮಿಸ್ಟರ್‌ಗೆ 1,800 ರೂ. ನಾಲ್ಕು ವರ್ಷಕ್ಕೆ 14,400 ರೂ. ಇನ್ನೊಂದು ಕಡೆ, 600 ರೂಪಾಯಿಯ ಐದು ಪುಸ್ತಕ ಕೊಂಡರೆ 3,000 ರೂ. ಆಮೇಲೆ ಅರ್ಧ ಬೆಲೆಗೆ ಮಾರಿದರೆ ನಿಮಗೆ ಬಿದ್ದ ಖರ್ಚು 1,500 ರೂ. ಮಾತ್ರ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕವನ್ನೇ ಕೊಂಡರಂತೂ ಖರ್ಚು ಇನ್ನೂ ಕಡಿಮೆ. ‘ತಿಂಗಳಿಗೆ ಇಷ್ಟೇ’ ಎಂಬ ಮಾತಿಗೆ ಮರುಳಾಗದೆ ವರ್ಷದ ಲೆಕ್ಕ ಹಾಕಿ.

ಮಳೆಗಾಲದ ಪರೀಕ್ಷೆ

ಲೆಕ್ಕಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ದೊಡ್ಡಮ್ಮನ ಮಗಳು, ಅಂದರೆ ನನಗೆ ಅಕ್ಕ, ಇರುವುದು ಹೊಸನಗರ ತಾಲ್ಲೂಕಿನ ಮಾಸ್ತಿಕಟ್ಟೆಯಲ್ಲಿ. ತೀರ್ಥಹಳ್ಳಿಯಿಂದ ಕುಂದಾಪುರಕ್ಕೆ ಹೋಗುವಾಗ ಹುಲಿಕಲ್ ಘಾಟಿ ಇಳಿಯುವ ಮುಂಚೆ ಸಿಗುವ ಊರು ಇದು. ವಾರಾಹಿ ಯೋಜನೆಗಾಗಿ ವಿದ್ಯುತ್ ನಿಗಮದ ಕಾಲೊನಿ ಎದ್ದ ಜಾಗ. ಘಟ್ಟದ ಕೆಳಗೆ ಹೊಸಂಗಡಿಯ ನೆಲದೊಳಗಿನ ವಿದ್ಯುದಾಗಾರದಲ್ಲಿ 460 ಮೆಗಾವ್ಯಾಟ್ ಕರೆಂಟು ತಯಾರಾಗುತ್ತದೆ. ಆದರೆ ಆಷಾಢದ ಗಾಳಿಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಸುತ್ತಲಿನ ಊರಿಗೆಲ್ಲ ಕತ್ತಲೆ. ಕರೆಂಟಿನ ಹಿಂದೆಯೇ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ.

ಅಕ್ಕನ ಮಗಳು ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ. ಪರೀಕ್ಷೆಗೆ ಮುಂಚೆ ಓದಿಕೊಳ್ಳಲು ಊರಿಗೆ ಬಂದಿದ್ದಳು. ಜಾಣೆ, ಪುಸ್ತಕಗಳನ್ನೆಲ್ಲ ಮೊದಲೇ ಆ್ಯಪ್‌ನೊಳಗೆ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದಳು. ಆದರೆ ಆ ಆ್ಯಪ್ ಕೆಲವು ದಿನಕ್ಕೊಮ್ಮೆ ಇಂಟರ್‌ನೆಟ್‌ಗೆ ಹೋಗಿ ‘ಚಂದಾ ಇದೆಯೇ?’ ಎಂದು ವಿಚಾರಿಸಿಕೊಂಡು ಬರಬೇಕಂತೆ! ಸಿಗ್ನಲ್ ಇಲ್ಲದ ಮೂರನೇ ದಿನ ಒಂದು ಪುಟವೂ ತೆರೆಯಲಿಲ್ಲ. ‘ಪುಸ್ತಕ ಮೊಬೈಲಲ್ಲೇ ಇದೆ ಕಣೇ, ಬೀಗ ಹಾಕ್ಕೊಂಡು ಕೂತಿದೆ’ ಎಂದು ಅಕ್ಕ ಆಮೇಲೆ ಹೇಳಿದಳು. ಕೊನೆಗೆ ಕಾಲೊನಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗನ ಅಟ್ಟದಿಂದ ಹಳೆಯ ಪುಸ್ತಕ ಇಳಿಸಿ, ಎಮರ್ಜೆನ್ಸಿ ಲ್ಯಾಂಪಿನ ಬೆಳಕಲ್ಲಿ ಓದಿದಳು ಹುಡುಗಿ.

‘ನಾವಿರೋದು ಸಿಟಿಯಲ್ಲಿ, ನಮಗೇನು?’ ಅನ್ನಬೇಡಿ. ನಿಮ್ಮ ಮಕ್ಕಳೂ ರಜೆಗೆ ಅಜ್ಜಿ ಮನೆಗೆ ಹೋಗುತ್ತಾರಲ್ಲ! ಡೌನ್‌ಲೋಡ್ ಮಾಡಿದ ಪುಸ್ತಕ ನೆಟ್ ಇಲ್ಲದೆ ಎಷ್ಟು ದಿನ ತೆರೆಯುತ್ತದೆ ಎಂದು ಮೊದಲೇ ಕೇಳಿ.

ನೀವು ಆಗಲೇ ಕಟ್ಟಿರುವ ಚಂದಾ

ಇದು ಬಹಳಷ್ಟು ಗೃಹಿಣಿಯರಿಗೆ ಗೊತ್ತೇ ಇಲ್ಲ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂದು ತೆರಿಗೆಯ ಶೇ 6ರಷ್ಟು ಸೇರಿರುತ್ತದೆ. 5,000 ರೂ. ತೆರಿಗೆ ಕಟ್ಟಿದರೆ ಅದಕ್ಕೆ 300 ರೂ. ಗ್ರಂಥಾಲಯದ್ದು. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಕಟ್ಟಿದ ಮೇಲೆ ಉಪಯೋಗಿಸಬೇಡವೇ?

ರಾಜ್ಯದ ಗ್ರಂಥಾಲಯ ಇಲಾಖೆ 2020ರ ಫೆಬ್ರುವರಿಯಲ್ಲಿ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ಸದಸ್ಯತ್ವಕ್ಕೆ ಹಣವಿಲ್ಲ. ಮುಂದಿನ ತಿಂಗಳೇ ಲಾಕ್‌ಡೌನ್ ಬಂದಾಗ ಮನೆಯಲ್ಲಿ ಕುಳಿತ ಮಕ್ಕಳಿಗೆ ಇದು ಒದಗಿ ಬಂತು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಅವಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. 2020ರ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡವು. ಊರಲ್ಲಿರುವ ನಾದಿನಿ, ವಾರಗಿತ್ತಿಯರಿಗೂ ಹೇಳಿ.

ಶಾಲಾ ಪಠ್ಯಪುಸ್ತಕಕ್ಕಂತೂ ಯಾವ ಆ್ಯಪ್‌ಗೂ ಕಾಸು ಕೊಡಬೇಡಿ. ರಾಜ್ಯ ಪಠ್ಯಕ್ರಮದ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದಲ್ಲಿ, ಕೇಂದ್ರದ ಪುಸ್ತಕಗಳು ಎನ್‌ಸಿಇಆರ್‌ಟಿಯಲ್ಲಿ ಪುಕ್ಕಟೆ ಸಿಗುತ್ತವೆ. ಪಿಯುಸಿ ವಿಜ್ಞಾನಕ್ಕೂ ಎನ್‌ಸಿಇಆರ್‌ಟಿ ಪುಸ್ತಕಗಳೇ ಆಧಾರ. ಇವು ಸಾಧಾರಣ ಪಿಡಿಎಫ್ ಕಡತಗಳು. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದಿದ್ದರೂ ತೆರೆಯುತ್ತವೆ, ಯಾರೂ ಬೀಗ ಹಾಕುವುದಿಲ್ಲ.

ಕಾಲೇಜಿನವರಿಗೆ ಭಾರತೀಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. ಖರಗ್‌ಪುರದ ಐಐಟಿ ನಡೆಸುವ ಇದು 2018ರ ಜೂನ್ 19ರಂದು ದೇಶಕ್ಕೆ ಸಮರ್ಪಣೆಯಾಯಿತು. ಇಮೇಲ್ ವಿಳಾಸ ಒಂದಿದ್ದರೆ ಸಾಕು, ಸದಸ್ಯರಾಗಬಹುದು. ಬಿಎ, ಬಿಕಾಂ, ಬಿಎಸ್ಸಿ ಓದುವ ಮಕ್ಕಳ ಕಾಲೇಜು ‘ಎನ್-ಲಿಸ್ಟ್’ ಯೋಜನೆಗೆ ಸೇರಿದೆಯೇ ವಿಚಾರಿಸಿ. ವರ್ಷದ ಶುಲ್ಕವನ್ನು ಕಾಲೇಜೇ ಕಟ್ಟಿರುತ್ತದೆ, ವಿದ್ಯಾರ್ಥಿಗೆ ಪಾಸ್‌ವರ್ಡ್ ಸಿಗಬೇಕು. ಎಂಜಿನಿಯರಿಂಗ್ ಮಕ್ಕಳಿಗೆ ವಿಟಿಯುವಿನ ಗ್ರಂಥಾಲಯ ಒಕ್ಕೂಟವಿದೆ. ಎಷ್ಟೋ ಮಕ್ಕಳು ಪಾಸ್‌ವರ್ಡ್ ಕೇಳಿ ಪಡೆಯುವುದೇ ಇಲ್ಲ! ಲೈಬ್ರರಿಯಲ್ಲಿ ‘ಬುಕ್ ಬ್ಯಾಂಕ್’ ಇದ್ದರೆ ಸೆಮಿಸ್ಟರ್ ಪೂರ್ತಿ ಪುಸ್ತಕ ಮನೆಗೇ ತರಬಹುದು.

2025ರ ಜನವರಿಯಲ್ಲಿ ಶುರುವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಹೆಸರು ಕೇಳಿರಬಹುದು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆ. ಆದರೆ ಅದರಲ್ಲಿ ಸಿಗುವುದು ಸಂಶೋಧನಾ ಪತ್ರಿಕೆಗಳು, ಪಠ್ಯಪುಸ್ತಕಗಳಲ್ಲ. ಎಂ.ಎಸ್ಸಿ, ಪಿಎಚ್‌.ಡಿ. ಓದುವವರಿಗೆ ಉಪಯೋಗ ಹೆಚ್ಚು.

ಅಂದ ಹಾಗೆ, ಮಕ್ಕಳದ್ದಷ್ಟೇ ಏಕೆ? ಮದುವೆಯಾದ ಮೇಲೆ ನಿಂತ ಓದನ್ನು ಇಗ್ನೋದಲ್ಲಿ ಮುಂದುವರಿಸುತ್ತಿರುವ ಗೃಹಿಣಿ ನೀವಾದರೆ, ಅಲ್ಲಿನ ಪಠ್ಯಗಳೆಲ್ಲ ‘ಇ-ಜ್ಞಾನಕೋಶ’ದಲ್ಲಿ ಉಚಿತವಾಗಿವೆ. ಮಧ್ಯಾಹ್ನದ ಕೆಲಸ ಮುಗಿಸಿ ಮೊಬೈಲಿನಲ್ಲೇ ಓದಬಹುದು.

ಹಾಗಾದರೆ ಚಂದಾ ಬೇಡವೇ ಬೇಡವೇ?

ಹಾಗೇನಿಲ್ಲ. ಪ್ರಾಜೆಕ್ಟಿಗಾಗಿ ಹತ್ತಾರು ಪುಸ್ತಕಗಳ ಒಂದೊಂದು ಅಧ್ಯಾಯ ನೋಡಬೇಕಾದಾಗ, ಒಂದೇ ಪುಸ್ತಕಕ್ಕೆ ಮೂರು, ನಾಲ್ಕು ಸಾವಿರ ರೂಪಾಯಿ ಇರುವಾಗ, ಎರಡು ತಿಂಗಳ ಮಟ್ಟಿಗೆ ಚಂದಾ ಕಟ್ಟುವುದು ಲಾಭವೇ. ವರ್ಷವಿಡೀ ಓದಬೇಕಾದ ಮುಖ್ಯ ಪುಸ್ತಕ ಮಾತ್ರ ಕಾಗದದ್ದೇ ಇರಲಿ. ‘ಟೆಲಿಗ್ರಾಂನಲ್ಲಿ ಫ್ರೀಯಾಗಿ ಸಿಗತ್ತೆ’ ಎಂದು ಮಕ್ಕಳು ಹೇಳುವ ಕದ್ದ ಪಿಡಿಎಫ್‌ಗಳ ತಂಟೆ ಬೇಡ.

ಹಣ ಕಟ್ಟುವ ಮುಂಚೆ ಇಷ್ಟು ಮಾಡಿ

* ಈ ಸೆಮಿಸ್ಟರ್‌ಗೆ ಬೇಕಾದ ಪುಸ್ತಕಗಳ ಪಟ್ಟಿ ಬರೆಸಿ. ಲೇಖಕರ ಹೆಸರು, ಎಷ್ಟನೇ ಆವೃತ್ತಿ ಎಂಬುದೂ ಇರಲಿ. ಅವು ಆ್ಯಪ್‌ನಲ್ಲಿ ಪೂರ್ತಿ ಇವೆಯೇ ನೋಡಿ. ಸಾವಿರಾರು ಪುಸ್ತಕವಿದ್ದು ಬೇಕಾದ ಐದೇ ಇಲ್ಲದಿದ್ದರೆ ಏನು ಪ್ರಯೋಜನ?

* ‘ಏಳು ದಿನ ಫ್ರೀ’ ಎಂದಿದ್ದರೆ ಎಚ್ಚರ. ಎಂಟನೇ ದಿನ ತಾನಾಗಿಯೇ ಹಣ ಹೋಗಬಹುದು. ಆರನೇ ದಿನವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

* ಮೊಬೈಲಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ನೀವು ಹಣ ಕಟ್ಟುವ ಯುಪಿಐ ಆ್ಯಪ್‌ನಲ್ಲಿ ‘ಆಟೊಪೇ’ ಎಂಬಲ್ಲಿ ಹೋಗಿ ರದ್ದು ಮಾಡಿ.

* 15,000 ರೂ.ವರೆಗಿನ ಕಂತು ಪ್ರತಿ ಸಲ ಒಟಿಪಿ ಕೇಳದೆಯೇ ಕಡಿತವಾಗಬಹುದು. ಆದರೆ 2021ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ 24 ಗಂಟೆ ಮೊದಲು ನಿಮಗೆ ಸಂದೇಶ ಬರಬೇಕು. ಬಂದ ಮೆಸೇಜ್ ಓದದೆ ಅಳಿಸಬೇಡಿ.

* ಮೊದಲಿಗೆ ಒಂದೇ ತಿಂಗಳ ಚಂದಾ ಕಟ್ಟಿ. ಅಗ್ಗ ಎಂದು ವರ್ಷದ್ದು ಕಟ್ಟಿದರೆ ರಜೆಯ ತಿಂಗಳಿಗೂ ಕಟ್ಟಿದಂತೆ.

ಕೊತ್ತಂಬರಿ ಸೊಪ್ಪಿಗೆ ಐದು ರೂಪಾಯಿ ಚೌಕಾಸಿ ಮಾಡುವ ನಾವು ‘ಮಕ್ಕಳ ಓದಿಗೆ’ ಎಂದ ಕೂಡಲೇ ಲೆಕ್ಕ ಕೇಳುವುದನ್ನು ಬಿಡುತ್ತೇವೆ. ಕೇಳಿ, ತಪ್ಪಿಲ್ಲ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ. ನಾಳೆ ಅವಳ ಸಂಬಳದಿಂದ ತಿಂಗಳು ತಿಂಗಳು ಕಡಿತವಾಗುವ ಚಂದಾಗಳು ಇನ್ನೂ ಎಷ್ಟೋ ಬರಲಿವೆ. ಆ ಲೆಕ್ಕವನ್ನೂ ಅವಳು ಈಗಿನಿಂದಲೇ ಕಲಿಯಲಿ.