ಗೆರೆಯಾಗದ ಚಂಡಮಾರುತಗಳು

1998ರಲ್ಲಿ ಡ್ಯಾನಿಯೆಲ್ ಎಂಬ ಚಂಡಮಾರುತ ಅಟ್ಲಾಂಟಿಕ್ ಸಾಗರದ ಮೇಲೆ ಸುತ್ತುತ್ತಿದ್ದಾಗ, ಅದರೊಳಕ್ಕೆ ನುಗ್ಗಿದ ಸಂಶೋಧನಾ ವಿಮಾನವೊಂದು ಹವಾಮಾನ ತಜ್ಞರೊಬ್ಬರ ಚಿತಾಭಸ್ಮವನ್ನು ಗಾಳಿಗೆ ಬಿಟ್ಟಿತು. ಹಿಂದಿನ ವರ್ಷ ತೀರಿಕೊಂಡಿದ್ದ ಅವರ ಹೆಸರು ಹೋಸೆ ಫರ್ನಾಂಡೆಸ್-ಪಾರ್ತಗಾಸ್. ಕ್ಯೂಬಾ ಮೂಲದವರು. ಮಯಾಮಿಯಲ್ಲಿ ಕುಳಿತು ಹತ್ತೊಂಬತ್ತನೆಯ ಶತಮಾನದ ಪತ್ರಿಕೆಗಳನ್ನೂ ಹಡಗುಗಳ ವರದಿಗಳನ್ನೂ ಜಾಲಾಡಿ, ಯಾವ ದಿನ ಯಾವ ಬಿರುಗಾಳಿ ಎಲ್ಲಿತ್ತು ಎಂದು ಗುರುತಿಸಿದ್ದು ಅವರ ಕೊನೆಯ ವರ್ಷಗಳ ದುಡಿಮೆ. ಇವತ್ತು ಗೂಗಲ್ ಅರ್ತ್‌ನ ಗೋಳದ ಮೇಲೆ 1851ರ ಚಂಡಮಾರುತವೊಂದರ ಹಾದಿ ಬಣ್ಣದ ಗೆರೆಯಾಗಿ ಕಾಣುತ್ತದೆಂದರೆ ಅದರ ಹಿಂದೆ ಈ ದುಡಿಮೆಯಿದೆ. ಆದರೆ ಇಂಥ ಹಾದಿಗಳ ಪಟ್ಟಿಯಿಂದ ಗೋಳಕ್ಕೆ ಸಾಗುವಾಗ ಅಂಕಿಗಳು ಸುರಕ್ಷಿತವಾಗಿ ತಲುಪಿದವು, ಅವುಗಳ ಬಗ್ಗೆ ತಜ್ಞರಿಗಿದ್ದ ಅನುಮಾನ ಮಾತ್ರ ದಾರಿಯಲ್ಲೇ ಉಳಿಯಿತು. ಅದು ಸಣ್ಣ ನಷ್ಟವಲ್ಲ.

ಈ ಪಟ್ಟಿಯ ಹುಟ್ಟೇ ವಿಚಿತ್ರ. ಚಂದ್ರಯಾನದ ಅಪೊಲೊ ಯೋಜನೆ ನಡೆಯುತ್ತಿದ್ದ 1960ರ ದಶಕದಲ್ಲಿ ಫ್ಲಾರಿಡಾದ ಉಡಾವಣಾ ಕೇಂದ್ರಕ್ಕೆ ಚಂಡಮಾರುತ ಅಪ್ಪಳಿಸುವ ಸಂಭವ ಎಷ್ಟೆಂದು ಲೆಕ್ಕ ಹಾಕಬೇಕಿತ್ತು. ಅದಕ್ಕಾಗಿ ಹಳೆಯ ಬಿರುಗಾಳಿಗಳ ಜಾಡನ್ನು ಕಂಪ್ಯೂಟರಿಗೆ ಊಡಿಸಲಾಯಿತು. ಹಾಗೆ ರೂಪುಗೊಂಡದ್ದು ‘ಹರ್‌ಡ್ಯಾಟ್’. ಮೊದಲಿಗೆ 1886ರಿಂದ ಆರಂಭವಾಗುತ್ತಿದ್ದ ಈ ದಾಖಲೆಯನ್ನು ಕ್ರಿಸ್ ಲ್ಯಾಂಡ್‌ಸೀ ನೇತೃತ್ವದ ತಂಡ 1851ಕ್ಕೆ ಹಿಂದೂಡಿತು. ಆಧಾರವಾಗಿದ್ದು ಪಾರ್ತಗಾಸ್ ಮತ್ತು ಹೆನ್ರಿ ಡಯಾಜ್ ಸಿದ್ಧಪಡಿಸಿದ್ದ ವರದಿಗಳು. ಆರು ಗಂಟೆಗೊಂದು ಸಾಲು: ದಿನಾಂಕ, ಹೊತ್ತು, ಅಕ್ಷಾಂಶ, ರೇಖಾಂಶ, ಗಾಳಿಯ ವೇಗ. ಸ್ಥಾನವನ್ನು ದಶಮಾಂಶದ ಒಂದು ಅಂಕಿಯವರೆಗೆ ಬರೆದಿರುತ್ತಾರೆ. ಅಂದರೆ ಸುಮಾರು 11 ಕಿ.ಮೀ. ನಿಖರತೆ ಇರುವಂತೆ ತೋರುತ್ತದೆ. ಆದರೆ ಲ್ಯಾಂಡ್‌ಸೀ ತಂಡದ್ದೇ ಅಂದಾಜಿನಂತೆ, 1886ಕ್ಕೆ ಮುಂಚೆ ನಡುಗಡಲಿನಲ್ಲಿದ್ದ ಚಂಡಮಾರುತದ ಸ್ಥಾನದಲ್ಲಿ ಸುಮಾರು 120 ನಾಟಿಕಲ್ ಮೈಲಿ, ಎಂದರೆ 220 ಕಿ.ಮೀ. ತಪ್ಪಿರಬಹುದು. ಹಾಳೆಯ ಮೇಲಿನ ಈ ಎಚ್ಚರಿಕೆ ಗೋಳದ ಮೇಲಿನ ಗೆರೆಯಲ್ಲಿ ಇಲ್ಲ.

ಗೋಳದ ಕಡೆಯ ಕಥೆ ಚಿಕ್ಕದು. ಇಂಥ ಗೋಳವನ್ನು ರೂಪಿಸಿದ್ದ ಕೀಹೋಲ್ ಎಂಬ ಕಂಪನಿಯನ್ನು ಗೂಗಲ್ 2004ರಲ್ಲಿ ಕೊಂಡಿತು; 2005ರ ಜೂನ್‌ನಲ್ಲಿ ಗೂಗಲ್ ಅರ್ತ್ ಹೊರಬಂತು. ಎರಡೇ ತಿಂಗಳಲ್ಲಿ ಕತ್ರೀನಾ ಚಂಡಮಾರುತ ಅಮೆರಿಕದ ದಕ್ಷಿಣ ಕರಾವಳಿಯನ್ನು ಹೊಡೆಯಿತು. ಮುಳುಗಿದ ಬಡಾವಣೆಗಳ ವೈಮಾನಿಕ ಚಿತ್ರಗಳನ್ನು ಜನ ಆ ಗೋಳದ ಮೇಲೆ ಹಾಸಿ ತಮ್ಮ ಮನೆಗಳನ್ನು ಹುಡುಕಿದರು. ಬಿಂದು, ಗೆರೆಗಳನ್ನು ಗೋಳದ ಮೇಲೆ ಮೂಡಿಸುವ ಕೀಹೋಲ್ ಕಾಲದ ಕೆಎಂಎಲ್ ಕಡತ ವಿನ್ಯಾಸ 2008ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಪಟ್ಟಿಯ ಸಾಲುಗಳನ್ನು ಈ ವಿನ್ಯಾಸಕ್ಕೆ ಒಗ್ಗಿಸುವುದು ನಾಲ್ಕಾರು ಸಾಲಿನ ಪ್ರೋಗ್ರಾಮಿನ ಕೆಲಸ, ಆದರೆ ಜಾರುವ ಜಾಗಗಳು ಹಲವು. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಪಶ್ಚಿಮ ರೇಖಾಂಶಕ್ಕೆ ಋಣ ಚಿಹ್ನೆ ಬೇಕು. ದಾಖಲೆಯ ಮೊಟ್ಟಮೊದಲ ಸಾಲು 1851ರ ಜೂನ್ 25ರದು: 28.0 ಉತ್ತರ, 94.8 ಪಶ್ಚಿಮ. ಆ ಋಣ ಚಿಹ್ನೆ ಮರೆತರೆ ಟೆಕ್ಸಾಸ್ ಎದುರಿನ ಕಡಲಲ್ಲಿರಬೇಕಾದ ಬಿರುಗಾಳಿ ನಮ್ಮ ಅರುಣಾಚಲದ ಬೆಟ್ಟಗಳ ಮೇಲೆ ಕೂರುತ್ತದೆ.

ಇಂಥ ತಪ್ಪು ಕಣ್ಣಿಗೆ ರಾಚುತ್ತದೆ, ಹಾಗಾಗಿ ತಿದ್ದಬಹುದು. ಕಾಣದೆ ಹೋಗುವ ತಪ್ಪೇ ಅಪಾಯದ್ದು. ಅದೇ 1851ರ ಜುಲೈ 5ರ ಚಂಡಮಾರುತಕ್ಕೆ ದಾಖಲೆಯಲ್ಲಿರುವುದು ಒಂದೇ ಒಂದು ಸಾಲು. ಜುಲೈ 10ರದಕ್ಕೂ ಅಷ್ಟೆ. ಅದಕ್ಕಿಂತ ಹೆಚ್ಚು ಹೇಳಲು ಪುರಾವೆ ಸಿಕ್ಕಿರಲಿಲ್ಲ, ಹೇಳಲೂ ಇಲ್ಲ. ಈ ಪ್ರಾಮಾಣಿಕತೆಗೆ ಗೋಳದಲ್ಲಿ ಸಿಗುವ ಬಹುಮಾನವೆಂದರೆ ಮಾಯವಾಗುವುದು. ಗೆರೆ ಎಳೆಯಲು ಕೆಎಂಎಲ್‌ಗೆ ಕನಿಷ್ಠ ಎರಡು ಬಿಂದುಗಳು ಬೇಕು. ಬರೀ ಗೆರೆಗಳನ್ನಷ್ಟೇ ರಫ್ತು ಮಾಡಿದರೆ ಒಂಟಿ ಬಿಂದುವಿನ ಚಂಡಮಾರುತ ನಕ್ಷೆಯಲ್ಲಿ ಮೂಡುವುದೇ ಇಲ್ಲ. ಆ ವರ್ಷ ಅಷ್ಟು ಬಿರುಗಾಳಿಗಳೇ ಇರಲಿಲ್ಲವೆಂದು ನೋಡುಗ ತಿಳಿಯುತ್ತಾನೆ.

ದೋಷ ಹಳೆಯ ದಾಖಲೆಯದು, ಗೋಳದ್ದಲ್ಲ ಎಂಬ ಆಕ್ಷೇಪಕ್ಕೆ ಆಂಡ್ರೂ ಉತ್ತರ. 1992ರ ಆಗಸ್ಟ್ 24ರಂದು ಫ್ಲಾರಿಡಾಕ್ಕೆ ಅಪ್ಪಳಿಸಿದ ಈ ಚಂಡಮಾರುತ, ಉಪಗ್ರಹ ಮತ್ತು ರೇಡಾರುಗಳ ಕಾಲದ್ದು. ಹಾಗಿದ್ದೂ ಹತ್ತು ವರ್ಷಗಳ ಬಳಿಕ ತಜ್ಞರು ಅದರ ಗಾಳಿಯ ವೇಗವನ್ನು 125ರಿಂದ 145 ನಾಟ್‌ಗೆ ಏರಿಸಿ, ತೀವ್ರತೆಯ ನಾಲ್ಕನೆಯ ವರ್ಗದಿಂದ ಐದನೆಯದಕ್ಕೆ ಸೇರಿಸಿದರು. ದಾಖಲೆ ಹೀಗೆ ಬದಲಾಗುತ್ತಲೇ ಇರುತ್ತದೆ; ರಫ್ತಾದ ಕಡತ ಮಾತ್ರ ಇಳಿಸಿಕೊಂಡ ದಿನಕ್ಕೇ ನಿಂತುಬಿಡುತ್ತದೆ. ಇನ್ನು, ಸಾಮಾನ್ಯರಿಗೆ ಅನುಮಾನದ ವಿವರಗಳೆಲ್ಲ ಯಾಕೆ, ಸರಳ ಗೆರೆ ಸಾಲದೇ ಎನ್ನುವವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ: ಅಂಕಿಗಳ ಕಾಡಾಗಿದ್ದುದನ್ನು ಯಾರು ಬೇಕಾದರೂ ನೋಡಬಲ್ಲಂತೆ ಮಾಡಿದ್ದು ಆ ಸರಳತೆಯೇ. ಆದರೆ 2004ರಲ್ಲಿ ಚಾರ್ಲಿ ಚಂಡಮಾರುತ ಫ್ಲಾರಿಡಾದ ಟ್ಯಾಂಪಾದತ್ತ ಸಾಗುತ್ತದೆಂದು ತೋರಿಸುತ್ತಿದ್ದ ಮುನ್ಸೂಚನಾ ನಕ್ಷೆಯ ನಡುಗೆರೆಯನ್ನೇ ಹಲವರು ನಂಬಿ ಕುಳಿತರು. ಅದು ತಿರುಗಿ ದಕ್ಷಿಣದ ಪುಂಟಾ ಗೋರ್ಡಾ ಊರನ್ನು ಹೊಡೆಯಿತು. ಆ ಕರಾವಳಿಗೂ ಮೊದಲೇ ಎಚ್ಚರಿಕೆ ಇತ್ತು. ಗೆರೆಯ ಮೇಲೆ ನೆಟ್ಟ ಕಣ್ಣು ಅತ್ತ ಹೋಗಲಿಲ್ಲ.

ಉಪಕರಣವನ್ನು ದೂರಿ ಫಲವಿಲ್ಲ. ಪ್ರತಿ ಬಿಂದುವಿಗೂ ಟಿಪ್ಪಣಿ ಸೇರಿಸಲು ಕೆಎಂಎಲ್‌ನಲ್ಲಿ ಜಾಗವಿದೆ, ಮೂಲ ದಾಖಲೆ ಬದಲಾದಾಗ ತಾನೇ ಹೊಸದಾಗುವ ಕೊಂಡಿಯೂ ಇದೆ. ಬಳಸುವ ತಾಳ್ಮೆ ನಮಗಿಲ್ಲ, ಅಷ್ಟೆ. ಬಂಗಾಳ ಕೊಲ್ಲಿಯದಾಗಲಿ ಅರಬ್ಬಿ ಸಮುದ್ರದ್ದಾಗಲಿ, ಚಂಡಮಾರುತದ ಜಾಡನ್ನು ಗೋಳಕ್ಕೇರಿಸುವವರು ಮೂರು ಕೆಲಸ ಮಾಡಲಿ: ಒಂಟಿ ಬಿಂದುಗಳನ್ನು ಬಿಂದುಗಳಾಗಿಯೇ ಉಳಿಸಲಿ, ತಪ್ಪಿನ ಅಂದಾಜನ್ನು ಟಿಪ್ಪಣಿಯಲ್ಲಿ ಬರೆಯಲಿ, ದಾಖಲೆಯನ್ನು ಯಾವ ದಿನ ಪಡೆದದ್ದೆಂದು ನಮೂದಿಸಲಿ.