ಪರಿಪೂರ್ಣತೆಯ ಹಟ ಮತ್ತು ಮನಸ್ಸಿನ ಆರೋಗ್ಯ

ಸಮೀರವಾಡಿಯಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳೆಲ್ಲ ಕಬ್ಬಿನ ಟ್ರ್ಯಾಕ್ಟರುಗಳಿಂದ ತುಂಬುತ್ತವೆ. ನೂರು ಟನ್ ಕಬ್ಬಿಗೆ ಸಾಮಾನ್ಯವಾಗಿ ಹತ್ತು-ಹನ್ನೊಂದು ಟನ್ ಸಕ್ಕರೆ ದೊರೆಯುತ್ತದೆ. ಕಬ್ಬಿನೊಳಗಿನ ಸಕ್ಕರೆಯೆಲ್ಲವೂ ಚೀಲಕ್ಕೆ ಬರುವುದಿಲ್ಲ. ಸ್ವಲ್ಪ ಸಿಪ್ಪೆಯಲ್ಲಿಯೂ ಸ್ವಲ್ಪ ಕಾಕಂಬಿಯಲ್ಲಿಯೂ ಉಳಿಯುತ್ತದೆ. ಕೊನೆಯ ಗಾಣಕ್ಕೆ ಹೋಗುವ ಸಿಪ್ಪೆಯ ಮೇಲೆ ನೀರು ಹಾಯಿಸಿ ಹಿಂಡುವ ಕ್ರಮವುಂಟು. ನೀರು ಹೆಚ್ಚಿಸಿದಂತೆ ಇನ್ನಷ್ಟು ಸಕ್ಕರೆ ಬರುವುದು ನಿಜ. ಆದರೆ ಆ ನೀರನ್ನೆಲ್ಲ ಮತ್ತೆ ಕುದಿಸಿ ಆವಿಯಾಗಿಸಬೇಕಲ್ಲವೆ? ಒಂದು ಹಂತ ದಾಟಿದ ಮೇಲೆ ದಕ್ಕುವ ಸಕ್ಕರೆಗಿಂತ ಉರಿಯುವ ಉರುವಲಿನ ವೆಚ್ಚವೇ ಹೆಚ್ಚಾಗುತ್ತದೆ. ಬಲ್ಲವರು ಅಲ್ಲಿಗೆ ನಿಲ್ಲಿಸುತ್ತಾರೆ; ಅದನ್ನು ಯಾರೂ ಸೋಮಾರಿತನವೆನ್ನುವುದಿಲ್ಲ. ಬಿಟ್ಟದ್ದು ಕೂಡ ವ್ಯರ್ಥವಾಗದೆ ಕಾಕಂಬಿ ಎಥನಾಲ್ ಆಗುತ್ತದೆ, ಸಿಪ್ಪೆ ವಿದ್ಯುತ್ತಾಗುತ್ತದೆ.

ಈ ಲೆಕ್ಕವನ್ನು ನಾವು ನಮ್ಮ ಬಾಳಿಗೆ ಹಾಕಿಕೊಳ್ಳುವುದು ಅಪರೂಪ. ಮಗಳ ಮದುವೆಯಲ್ಲಿ ಸಾವಿರ ಜನ ತೃಪ್ತಿಯಾಗಿ ಉಂಡು ಹೋದರೂ, ಬೀಗರೊಬ್ಬರ ಒಂದು ಕೊಂಕು ಮಾತನ್ನು ನೆನೆದು ತಿಂಗಳುಗಟ್ಟಲೆ ನಿದ್ದೆಗೆಡುವ ತಾಯಂದಿರಿದ್ದಾರೆ. ಒಂದಕ್ಷರ ತಪ್ಪಿತೆಂದು ಇಡೀ ಪುಟವನ್ನೇ ಹರಿದು ಮತ್ತೆ ಬರೆಯುವ ವಿದ್ಯಾರ್ಥಿನಿ, ಪರೀಕ್ಷೆಯಲ್ಲಿ ಬಲ್ಲ ಉತ್ತರಕ್ಕೂ ಸಮಯ ಸಾಲದೆ ಅಳುತ್ತಾಳೆ. ಲಿಂಗಪೂಜೆಯಲ್ಲಿ ಮನಸ್ಸು ಕ್ಷಣಕಾಲ ಚಲಿಸಿತೆಂದು ಮೊದಲಿನಿಂದ ಮತ್ತೆ ಮತ್ತೆ ಆರಂಭಿಸಿ, ಕೊನೆಗೆ ಪೂಜೆಗೆ ಕೂಡುವುದಕ್ಕೇ ಅಂಜುವ ಭಕ್ತರೂ ಉಂಟು.

ಕೆನಡಾದ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಈ ಹಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ತನ್ನಿಂದ ತಾನೇ ಬಯಸುವುದು, ಇತರರಿಂದ ಬಯಸುವುದು, ಮತ್ತು 'ಜನರು ನನ್ನಿಂದ ಕುಂದಿಲ್ಲದ ನಡೆಯನ್ನೇ ಬಯಸುತ್ತಾರೆ' ಎಂಬ ಭಾವನೆ. ಮೂರನೆಯದು ಆತಂಕ, ಖಿನ್ನತೆಗಳೊಡನೆ ಬಲವಾಗಿ ಹೆಣೆದುಕೊಂಡಿದೆ. 1989ರಿಂದ 2016ರವರೆಗೆ ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನ ವಿದ್ಯಾರ್ಥಿಗಳಲ್ಲಿ ಮೂರೂ ಬಗೆಗಳು ಏರಿದವೆಂದೂ ಅವುಗಳಲ್ಲಿ ಈ ಮೂರನೆಯದೇ ಹೆಚ್ಚು ಏರಿತೆಂದೂ ಥಾಮಸ್ ಕರನ್ ಹಾಗೂ ಆಂಡ್ರ್ಯೂ ಹಿಲ್ ಅವರ ಅಧ್ಯಯನ ತೋರಿಸಿದೆ. 'ನಾಲ್ಕು ಜನ ಏನಂದಾರು' ಎಂಬ ನಮ್ಮ ಊರಿನ ಮಾತು ಇದಕ್ಕಿಂತ ಬೇರೆಯೇನಲ್ಲ. ಸದಾ ಈ ಬಿಗುವಿನಲ್ಲಿರುವ ದೇಹವು ವಿಶ್ರಾಂತಿಯನ್ನೇ ಮರೆಯುತ್ತದೆ. ನಿದ್ದೆ ಕೆಡುತ್ತದೆ, ತಲೆನೋವು, ಕತ್ತು-ಭುಜಗಳ ಸೆಳೆತ, ಹೊಟ್ಟೆಯುರಿ ಕಾಣಿಸಿಕೊಳ್ಳುತ್ತವೆ. ಇನ್ನೊಂದು ವಿಚಿತ್ರವೆಂದರೆ, ಚೆನ್ನಾಗಿ ಮಾಡಬೇಕೆಂಬ ಹಟವೇ ಕೆಲಸವನ್ನು ನಾಳೆಗೆ ತಳ್ಳಿಸುತ್ತದೆ.

ಹಾಗಾದರೆ ಕಾಯಕನಿಷ್ಠೆಗೆ ಬೆಲೆಯಿಲ್ಲವೆ ಎಂದು ಕೇಳಬಹುದು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ನೆನೆಯಬೇಕು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬುದು ಶರಣ ಪರಂಪರೆಯ ಕಥನ. ಪತಿಯು ಕಾಯಕವನ್ನು ಮರೆತು ಕುಳಿತಾಗ ಎಚ್ಚರಿಸಿದವರೂ ಅದೇ ಲಕ್ಕಮ್ಮನವರು. ಈ ಪ್ರಸಂಗವನ್ನು ನಾವು ಆಸೆಯ ನಿಗ್ರಹಕ್ಕಷ್ಟೇ ಉದಾಹರಿಸುತ್ತ ಬಂದಿದ್ದೇವೆ. 'ಇಂದಿಗೆ ಇಷ್ಟು ಸಾಕು' ಎಂಬ ಅಳತೆ ಆ ತಾಯಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಅಷ್ಟಾಗಿ ಗಮನಿಸಿಲ್ಲ.

ಆ ಅಳತೆಯನ್ನು ಕೆಲಸ ಆರಂಭಿಸುವ ಮೊದಲೇ ಇಟ್ಟುಕೊಳ್ಳುವುದು ಒಳ್ಳೆಯದು. ಕೆಲಸದ ನಡುವೆ ಮನಸ್ಸು ಒಪ್ಪುವುದಿಲ್ಲ. ಬೆಳೆಗೆ ಹೊಡೆಯುವ ಔಷಧದ ಪ್ರಮಾಣ, ಮಗುವಿಗೆ ಕೊಡುವ ಮಾತ್ರೆ, ವಿದ್ಯುತ್ ತಂತಿಯ ಜೋಡಣೆ ಇವುಗಳಲ್ಲಿ ಕೂದಲೆಳೆಯಷ್ಟೂ ತಪ್ಪಬಾರದು. ರೊಟ್ಟಿ ದುಂಡಗಾಗದಿದ್ದರೆ ಏನೂ ಕೆಡುವುದಿಲ್ಲ. ಬನಹಟ್ಟಿಯ ನೇಕಾರರು ಎಳೆ ಹರಿದರೆ ಗಂಟು ಹಾಕಿ ಮಗ್ಗವನ್ನು ಮುಂದೆ ನಡೆಸುತ್ತಾರೆ. ನೇಯ್ದ ಸೀರೆಯನ್ನೇ ಕತ್ತರಿಸಿ ಎಸೆಯುವುದಿಲ್ಲ. ಪೂಜೆಯಲ್ಲಿ ಮನಸ್ಸು ಹರಿದಾಗಲೂ ಹಾಗೆಯೇ ಅಲ್ಲಿಂದಲೇ ಮುಂದುವರಿಯಬಹುದು. ಮಕ್ಕಳು ಅಂಕಪಟ್ಟಿ ತಂದಾಗ ಬಂದ ಅಂಕಗಳ ಬಗ್ಗೆ ಮೊದಲು ಮಾತನಾಡಬೇಕು, ಬಾರದ ಅಂಕಗಳ ಮಾತು ಮರುದಿನಕ್ಕಿರಲಿ. ತಪ್ಪು ಮಾಡಿದಾಗ ನೆರೆಮನೆಯ ಮಗಳಿಗೆ ಹೇಳುವ ಸಮಾಧಾನದ ಮಾತನ್ನೇ ನಮಗೂ ಹೇಳಿಕೊಳ್ಳಲು ಕಲಿಯಬೇಕು. ಆರಂಭದಲ್ಲಿ ಇದು ಕೃತಕವೆನಿಸಬಹುದು.

ಆದರೆ ಕೆಲವು ಸಂದರ್ಭಗಳಲ್ಲಿ ಇಷ್ಟು ಸಾಲದು. ಕೈ ತೊಳೆಯುವುದು, ಬೀಗ ನೋಡುವುದು, ಪೂಜೆಯನ್ನು ಮತ್ತೆ ಮಾಡುವುದು ಇವುಗಳಲ್ಲಿಯೇ ದಿನದ ಗಂಟೆಗಳು ಕಳೆಯುತ್ತಿದ್ದರೆ ಅದು ಗೀಳು ಕಾಯಿಲೆಯಾಗಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯಲ್ಲಿ ತಜ್ಞ ವೈದ್ಯರು ದೊರೆಯುತ್ತಾರೆ. ಮಠಕ್ಕೆ ಬಂದು ಮನಸ್ಸಿನ ಭಾರವನ್ನು ಹೇಳಿಕೊಂಡವರು ಹಗುರವಾದೆವೆಂದು ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.